ಅಪ್ಪನ ಕಾಲೂತ, ಅಪ್ಪನ ಮಗ್ಗ

ಮೊಳಕಾಲ್ಮೂರಿನ ನಮ್ಮ ತವರುಮನೆಯ ನಡುಮನೆಗೆ ಈಗ ತಿಳಿಹಳದಿ ಟೈಲ್ಸ್ ಹಾಕಿದೆ. ಬಣ್ಣ ಆರಿಸಿದವಳು ನಾನೇ. ಅದರ ಕೆಳಗೆ ಅಪ್ಪನ ಮಗ್ಗದ ಗುಂಡಿ ಇದೆ. ಅಪ್ಪ ರೇಷ್ಮೆ ಸೀರೆ ನೇಯುವವನು. ನೆಲದಲ್ಲಿ ತೋಡಿದ ಆ ಗುಂಡಿಯ ಅಂಚಿಗೆ ಕೂತು, ಕಾಲು ಒಳಗೆ ಇಳಿಬಿಟ್ಟು, ಕೆಳಗಿನ ಹಲಗೆ ತುಳಿಯುತ್ತಾ ಲಾಳಿ ಆಡಿಸುತ್ತಾ ವಯಸ್ಸು ಕಳೆದವನು. ಗುಂಡಿ ಮುಚ್ಚಿಸಿದವಳೂ ನಾನೇ. ಮುಚ್ಚಿಸಬೇಕಾಗಿರಲಿಲ್ಲ.

ಕಳೆದ ವರ್ಷ ಅಪ್ಪನಿಗೆ ಏರು ಹತ್ತಿದರೆ ಎದೆ ಹಿಡಿಯತೊಡಗಿತು. ನಿಂತರೆ ಬಿಡುತ್ತಿತ್ತು, ನಡೆದರೆ ಮತ್ತೆ ಹಿಡಿಯುತ್ತಿತ್ತು. ಅಣ್ಣ ಅದನ್ನು ಗ್ಯಾಸ್ ಅಂದ. ನಾನು ಗಂಡನ ಊರಾದ ಚಳ್ಳಕೆರೆಗೆ ಕರೆಸಿಕೊಂಡು ಡಾಕ್ಟರಿಗೆ ತೋರಿಸಿದೆ. ಕಾಯಿಲೆಯಿರಲಿ, ಮದುವೆಯಿರಲಿ, ಮುಂದೆ ನಿಂತು ಯಜಮಾನಿಕೆ ಮಾಡುವುದು ನನ್ನ ಚಾಳಿ.

ಪರೀಕ್ಷೆಯೆಲ್ಲ ಮಾಡಿಸಿದ ಡಾಕ್ಟರು, ಇದು ಆಂಜೈನಾ, ಹೃದಯಕ್ಕೆ ರಕ್ತ ಒಯ್ಯುವ ನಾಳ ಕಿರಿದಾಗಿದೆ ಎಂದರು. ಬೇರೆ ಮಾತ್ರೆಗಳ ಜೊತೆಗೆ ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್ ಅನ್ನುವುದೊಂದನ್ನು ಬರೆದರು. ಕ್ಯಾಲ್ಸಿಯಂ ಅಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಅಪ್ಪ ದಿನವೆಲ್ಲ ಎಲೆ ಅಡಿಕೆ ಹಾಕುವವನು.

“ಹಂಗಾದ್ರೆ ಸುಣ್ಣ ಬಿಡಿಸ್ಬೇಕಾ ಸಾರ್? ಹಾಲು?”

ಡಾಕ್ಟರು ನಕ್ಕರು. ತಿನ್ನುವ ಸುಣ್ಣಕ್ಕೂ ಇದಕ್ಕೂ ಸಂಬಂಧವಿಲ್ಲ, ನಾಳದ ಗೋಡೆಯ ಸ್ನಾಯುವಿನೊಳಗೆ ಕ್ಯಾಲ್ಸಿಯಂ ಹೊಕ್ಕಾಗ ನಾಳ ಬಿಗಿಯುತ್ತದೆ, ಈ ಮಾತ್ರೆ ಅದು ಹೊಗುವ ಬಾಗಿಲನ್ನು ಓರೆ ಮಾಡುತ್ತದೆ, ಆಗ ನಾಳ ಸಡಿಲವಾಗಿ ರಕ್ತ ಸಲೀಸಾಗಿ ಹರಿಯುತ್ತದೆ ಎಂದು ವಿವರಿಸಿದರು. ಆಮೇಲೆ ಇನ್ನೊಂದು ಮಾತು ಹೇಳಿದರು: ಕಾಲು ಊದಿದರೆ ಬಂದು ತೋರಿಸಿ, ನೀವಾಗಿ ಮಾತ್ರೆ ನಿಲ್ಲಿಸಬೇಡಿ. ನಾನು ಹೂಂ ಅಂದೆ. ತಲೆಯೊಳಗೆ ಮಾತ್ರ ಅಡಿಕೆ ಬಿಡಿಸುವುದು ಹೇಗೆ ಅನ್ನುವ ಯೋಚನೆ ನಡೆದಿತ್ತು.

ಮಾತ್ರೆ ಕೆಲಸ ಮಾಡಿತು. ಅಪ್ಪ ಬೀದಿಯ ಏರನ್ನು ನಿಲ್ಲದೆ ಹತ್ತಿದ, ಮತ್ತೆ ಮಗ್ಗಕ್ಕೆ ಕೂತ.

ದೀಪಾವಳಿಗೆ ಹೋದಾಗ ನೋಡುತ್ತೇನೆ, ಕಾಲಿನ ಹರಡಿನ ಗಂಟು ಕಾಣದಷ್ಟು ಊತ. ಒತ್ತಿದರೆ ಬೆರಳಿನ ಅಚ್ಚು ಹಾಗೇ ನಿಲ್ಲುತ್ತಿತ್ತು. ನಮ್ಮ ನೇಕಾರರ ಓಣಿಯಲ್ಲಿ ಕಾಲು ಊದಲಿ, ಮಂಡಿ ನೋಯಲಿ, ಸೊಂಟ ಹಿಡಿಯಲಿ, ದೂರೆಲ್ಲ ಗುಂಡಿಯ ಮೇಲೆಯೇ. ಒಳಗಿನ ತಂಪು, ಹೊತ್ತುಗಟ್ಟಲೆ ಜೋತ ಕಾಲು. ನಾನೂ ಅದನ್ನೇ ಹಿಡಿದೆ.

“ಹೃದಯ ಕೆಟ್ಟೋನು ಗುಂಡೀಲಿ ಕೂತ್ರೆ ಇನ್ನೇನಾಗ್ತೈತೆ? ಸಾಕು ಮಾಡಪ್ಪ.”

“ಸಣ್ಣೋನಿದ್ದಾಗಿಂದ ಕೂತೀನಲ್ಲವ್ವ. ಗುಂಡಿ ನಂಗೇನೂ ಮಾಡಿಲ್ಲ.”

“ಡಾಕ್ಟರ್ನ ಒಂದ್ಮಾತು ಕೇಳಾನಾ?” ಅಂದ ಅಣ್ಣ.

“ಕಣ್ಣಿಗೇ ಕಾಣ್ತೈತಲ್ಲ, ಇದಕ್ಯಾಕೆ ಡಾಕ್ಟರು?” ಅಂದೆ ನಾನು.

ಮಗ್ಗಕ್ಕೆ ಹಾಸಿನ ಉದ್ದೆಳೆ ಹೂಡಿದವನೇ ಅದನ್ನು ನೇಯ್ದು ಮುಗಿಸಬೇಕು, ನಡುವೆ ಬೇರೆ ಕೈ ತಗುಲಬಾರದು ಅನ್ನುವುದು ನಮ್ಮ ಮನೆಯ ಪದ್ಧತಿ. ಹಾಗಾಗಿ ಮಗ್ಗದ ಮೇಲಿದ್ದದ್ದು ಮುಗಿಯಲಿ ಎಂದು ಒಪ್ಪಿದೆ. ಕೊನೆಯ ಸೀರೆಯನ್ನು ಅಪ್ಪ ಬೇಕಂತಲೇ ನಿಧಾನ ನೇಯ್ದ. ಅದಕ್ಕೂ ಫೋನಿನಲ್ಲಿ ಬೈದೆ. ಕಡೆಗೆ ಮಗ್ಗ ಬಿಚ್ಚಿದೆವು, ಮರವನ್ನೆಲ್ಲ ಕೊಂಡ್ಲಹಳ್ಳಿಯ ನೆಂಟರು ಒಯ್ದರು. ಅಪ್ಪ ಗುಂಡಿಗೆ ಅರಿಶಿನ ಕುಂಕುಮ ಹಾಕಿ, ಕಾಯಿ ಒಡೆದು, ಹೊರಗೆ ಜಗುಲಿಗೆ ಹೋಗಿ ಕೂತ. ಮಣ್ಣು ಸುರಿಯುವಾಗ ಒಳಗೆ ಬರಲಿಲ್ಲ. ನಾನು ಒಳಗಿದ್ದು, ಇನ್ನೊಂದು ಬುಟ್ಟಿ ಹಾಕಿ, ಗಟ್ಟಿಯಾಗಿ ದಮ್ಮಸು ಮಾಡಿ ಅನ್ನುತ್ತಿದ್ದೆ.

ಊತ ಇಳಿಯಲಿಲ್ಲ. ದಿನವಿಡೀ ಕುರ್ಚಿಯಲ್ಲಿ ಕೂರುತ್ತಿದ್ದ ಅಪ್ಪನಿಗೆ ಚಪ್ಪಲಿಯೂ ಹಿಡಿಸದಾಯಿತು. ಆಗ ಹೆದರಿ ಚಳ್ಳಕೆರೆಗೆ ಕರೆತಂದೆ.

ಡಾಕ್ಟರು ಹೃದಯ, ಮೂತ್ರಪಿಂಡ ಎಲ್ಲ ನೋಡಿ, ಅವು ಸರಿಯಾಗಿವೆ, ಇದು ಮಾತ್ರೆಯಿಂದ ಬಂದ ಊತ ಎಂದರು. ಸಣ್ಣ ನಾಳಗಳು ಸಡಿಲವಾದಾಗ ಒಳಗಿನ ನೀರು ಪಾದಕ್ಕೆ ಇಳಿಯುತ್ತದಂತೆ, ಕೆಲವರಿಗೆ ಹೀಗಾಗುತ್ತದಂತೆ. ಎದೆಗೆ ಉಪಕಾರ ಮಾಡಿದ ಮಾತ್ರೆಯೇ ಕಾಲಿಗೆ ಈ ಉಪದ್ರವ ಕೊಟ್ಟಿತ್ತು. ಅದನ್ನು ಬಿಡಿಸಿ ಬೇರೆಯದು ಬರೆದರು.

“ಕಾಲು ಊದಿದ್ರೆ ಬನ್ನಿ ಅಂತ ಹೇಳಿದ್ದೆನಲ್ಲ?” ಎಂದು ಕೇಳಿದರು. ಕೇಳಿದ್ದು ನನ್ನನ್ನು.

“ನಾನೇ ಮರೆತೆ ಸಾರ್. ಕಾಲು ಊದಿದ್ದು ಇವಳಿಗೆ ಹೇಳ್ಲೇ ಇಲ್ಲ,” ಅಂದ ಅಪ್ಪ.

ಆ ಸುಳ್ಳನ್ನು ಹಾಗೇ ಬಿಟ್ಟು, ನಾನು ಹೊಸ ಚೀಟಿ ಮಡಚಿ ಚೀಲಕ್ಕೆ ಹಾಕಿಕೊಂಡೆ. ನನಗೆ ನಾಚಿಕೆಯಾಯಿತು, ಇವತ್ತಿಗೂ ಆಗುತ್ತದೆ. ಊರಿಗೆ ಬಿಟ್ಟುಬರಲು ಹತ್ತಿದ ಬಸ್ಸು ತಳಕು ಊರನ್ನು ದಾಟುವವರೆಗೂ ಅಪ್ಪ ಕಿಟಕಿಯಾಚೆ ನೋಡುತ್ತಿದ್ದ. ಆಮೇಲೆ, “ಏನಾರ ತಿಂತೀಯಾ?” ಎಂದು ಕೇಳಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಊತ ಇಳಿದ ಮೇಲೆ ಒಂದು ಭಾನುವಾರ ಹೋದೆ. ಅಪ್ಪ ನಡುಮನೆಯಲ್ಲಿ, ಮೊದಲು ಕೂರುತ್ತಿದ್ದ ಜಾಗದಲ್ಲೇ ಗೋಡೆಗೆ ಒರಗಿ ಕಾಲು ಚಾಚಿ ಟಿವಿ ನೋಡುತ್ತಿದ್ದ. ಮೊದಲಿನ ಹಾಗೇ ಸಣಕಲು ಕಾಲು.

“ಅಪ್ಪ, ಗುಂಡಿ ಮತ್ತೆ ಅಗೆಸಾನ. ಕೊಂಡ್ಲಹಳ್ಳಿಯಿಂದ ಮರ ನಾನೇ ತರಿಸ್ತೀನಿ.”

“ಬ್ಯಾಡ ಬಿಡವ್ವ,” ಅಂದ. “ಆಸೆಪಟ್ಟು ಹಾಕ್ಸೀಯ. ಟೈಲ್ಸ್ ಒಡೀತೈತೆ.”

ನಾನು ಅಡುಗೆಮನೆಗೆ ಹೋಗಿ ಅತ್ತಿಗೆಯ ಕೈಯಿಂದ ಚಾ ಲೋಟ ಇಸಿದುಕೊಂಡು ಬಂದೆ. ಅಪ್ಪನ ಕಣ್ಣು ಟಿವಿಯ ಮೇಲಿತ್ತು. ಪಾದಗಳು ಮಾತ್ರ ಒಂದಾದ ಮೇಲೊಂದು ಮುಂದಕ್ಕೆ ಒತ್ತುತ್ತಿದ್ದವು, ಎಡ, ಬಲ, ಎಡ, ಹಲಗೆ ತುಳಿಯುವ ಅದೇ ಲಯದಲ್ಲಿ. ನಾನು ನೋಡುತ್ತಿರುವುದು ಕಂಡು ಅಪ್ಪ ಕಾಲು ಮಡಚಿಕೊಂಡ.