ಗದ್ದೆಯ ಬಾಯಲ್ಲೊಂದು ನೀಲಿ ಗಂಟು

ನಮ್ಮ ಕಡೆ ಗದ್ದೆಯಲ್ಲಿ ಪಾಚಿ ಕಟ್ಟಿತೆಂದರೆ ಮನೆಗೆ ಗೆದ್ದಲು ಹತ್ತಿದಷ್ಟೇ ಗಾಬರಿ. ಎಳೆ ಪೈರಿನ ಬುಡ ಮುಚ್ಚಿ ತೆಂಡೆ, ಅಂದರೆ ಮರಿಪೈರು, ಒಡೆಯಲು ಬಿಡುವುದಿಲ್ಲ ಎಂದು ಕೋಲಿನಲ್ಲಿ ಎಳೆದು ಬದುವಿಗೆ ಹಾಕುತ್ತಾರೆ. ಅಂಥ ಊರಿನಲ್ಲಿ ನಾನು ಹಿತ್ತಿಲಲ್ಲಿ ಟಾರ್ಪಾಲು ಹಾಸಿ, ಮಣ್ಣು ಹರಡಿ, ನೀರು ನಿಲ್ಲಿಸಿ, ಬೇಸಿಗೆಯಿಡೀ ಪಾಚಿ ಬೆಳೆಸಿದೆ.

ಎಲ್ಲ ಪಾಚಿಯೂ ಒಂದೇ ಅಲ್ಲ. ಇದು ನೀಲಿಹಸಿರು ಪಾಚಿ. ಗಾಳಿಯಲ್ಲಿರುವ ಸಾರಜನಕ ಹಿಡಿದು ಪೈರಿಗೆ ಉಣಿಸುತ್ತದೆ. ನೀರು ಇಂಗಿದ ಮೇಲೆ ಹಪ್ಪಳದ ಚೂರಿನಂತೆ ಸುರುಟಿಕೊಂಡು ಏಳುತ್ತದೆ. ಆ ಚಕ್ಕೆಗಳನ್ನು ಬಟ್ಟೆಚೀಲದಲ್ಲಿ ತುಂಬಿ ಅಟ್ಟದ ಮೇಲೆ ಇಟ್ಟಿದ್ದೆ.

ಯಜಮಾನರು ಮೇಲಿನ ಗದ್ದೆಯೊಂದನ್ನು ನನಗೆ ಬಿಟ್ಟುಕೊಟ್ಟರು. “ಪೈರು ಹಳದಿಗೆ ತಿರುಗ್ತೋ, ನಾನು ಯೂರಿಯಾ ಎರಚ್ಬುಡ್ತೀನಿ. ಆಮೇಲೆ ಪಾಚಿ ಗೀಚಿ ಅಂತ ಈ ಮನೇಲಿ ಮಾತೆತ್ತಂಗಿಲ್ಲ” ಎಂದಿದ್ದರು. ಕೆಳಗದ್ದೆಯವನಂತೂ ಕಂಡಾಗಲೆಲ್ಲ, “ಊರೆಲ್ಲ ಪಾಚಿ ತೆಗ್ಯಾಕೆ ಸಾಯ್ತಾದೆ, ನೀನು ನಾಟಿ ಮಾಡ್ತಿಯಲ್ಲಕ್ಕೋ!” ಎಂದು ನಗುತ್ತಿದ್ದ.

ನಾಟಿಯಾಗಿ ಬೇರು ಹಿಡಿದ ಮೇಲೆ ಚಕ್ಕೆಯನ್ನೆಲ್ಲ ಪುಡಿ ಮಾಡಿ ನಿಂತ ನೀರಿಗೆ ಎರಚಿದೆ. ಮನೆಯಲ್ಲಿ ಚಿಟಿಕೆಯೂ ಉಳಿಯಲಿಲ್ಲ. ಬೇಸಿಗೆಯೆಲ್ಲ ನಾಗಮಂಗಲದ ಮಗಳ ಮನೆಯಲ್ಲಿದ್ದು ಆಗಷ್ಟೇ ಬಂದಿದ್ದ ನಮ್ಮ ಮಾವ ಬದುವಿನ ಮೇಲೆ ನಿಂತು, “ಏನವ್ವಾ ಅದು?” ಎಂದರು. “ಗೊಬ್ಬರ ಮಾವ” ಎಂದೆ. ಮಾತು ಅಲ್ಲಿಗೇ ಮುಗಿದಿತ್ತು.

ಮುಂದಿನ ವಾರ ನೀರಿನ ಮೇಲೆ ತೆಳ್ಳಗೆ ಹಸಿರು ಕೆನೆ ಕಟ್ಟಿತು. ಅಕ್ಕಿಹೆಬ್ಬಾಳಿನ ಕಡೆಯಿಂದ ರೈಲು ಕೂಗುವ ಹೊತ್ತಿಗೆ ಡೇರಿಗೆ ಹಾಲು ಹಾಕಿ ಬಂದು, ದಿನಾ ಅದನ್ನೊಮ್ಮೆ ನೋಡಿಯೇ ಒಲೆ ಹಚ್ಚುತ್ತಿದ್ದೆ.

ನಮ್ಮ ನಾಲೆನೀರಿನ ಸರದಿ ಮುಗಿಯುವ ದಿನ ಮಧ್ಯಾಹ್ನ ಬುತ್ತಿ ತೆಗೆದುಕೊಂಡು ಹೋದೆ. ಗದ್ದೆಗೆ ನೀರು ಹಾಯುವ ಬಾಯಲ್ಲಿ ಗೂಟ ನೆಟ್ಟಿತ್ತು. ಗೂಟಕ್ಕೆ ಹಳೆ ಪಂಚೆಯ ತುಂಡಿನ ಗಂಟು. ಗಂಟಿನಿಂದ ನೀಲಿ ಬಣ್ಣ ಎಳೆಎಳೆಯಾಗಿ ಗದ್ದೆಯೊಳಕ್ಕೆ ಹೋಗುತ್ತಿತ್ತು.

ಮೈಲುತುತ್ತ! ಪಾಚಿ ಕೊಲ್ಲಲು ನಮ್ಮವರು ಕಟ್ಟುವುದೇ ಅದನ್ನು.

ಬುತ್ತಿ ಎಲ್ಲಿಟ್ಟೆನೋ. ಗಂಟನ್ನು ಕಿತ್ತೆಸೆದು, ಕೈಗೆ ಸಿಕ್ಕ ಕೆಸರನ್ನು ಗದ್ದೆಯ ಬಾಯಿಗೆ ಒತ್ತತೊಡಗಿದೆ. ಮಾವ ತೆಂಗಿನ ಬುಡದಿಂದ ಎದ್ದು ಬಂದರು. ಅವರ ಬೆರಳೆಲ್ಲ ನೀಲಿ.

“ಯಾಕವ್ವಾ ಕಿತ್ತಾಕ್ದೆ? ನಿನ್ ಗೊಬ್ಬರನ ಪಾಚಿ ತಿಂದಾಕ್ತಾ ಇತ್ತು ಕಣವ್ವ. ಅದ್ಕೇ ಕಟ್ದೆ.”

“ಮಾವ, ಆ ಪಾಚೀನೇ ಗೊಬ್ಬರ!”

ಅವರು ನನ್ನ ಮುಖ ನೋಡಿದರು, ನೀರು ನೋಡಿದರು. “ಅಂಗಂತ ಆವತ್ತೇ ಒಂದ್ ಮಾತು ಅನ್ನಬಾರದಾಗಿತ್ತಾ?” ಎಂದರು.

ನೀರು ಹಾಯುವ ಬಾಯಿಯ ಮೂಲೆಯಲ್ಲಿ ಕೆನೆ ಆಗಲೇ ಕಂದಿತ್ತು. ಆಚೆ ಅಂಚಿನಲ್ಲಿ ಇನ್ನೂ ಹಸಿರಿತ್ತು. ನಡುವೆ ಎಲ್ಲಿಯವರೆಗೆ ವಿಷ ಹೋಗಿದೆಯೋ ಹೇಳುವವರಾರು? ನೀರನ್ನೆಲ್ಲ ಬಸಿದರೆ ಪಾಚಿಯೂ ಅದರ ಜೊತೆ ಹೋಗುತ್ತದೆ. ಹಾಗೇ ಬಿಟ್ಟರೆ ನೀಲಿ ಹರಡುತ್ತದೆ. ಸಂಜೆಗೆ ಸರದಿ ಮುಗಿದರೆ ಬೇರೆ ನೀರೂ ಇಲ್ಲ.

“ಗುದ್ದಲಿ ತತ್ತಾ” ಎಂದರು ಮಾವ.

ಪೈರಿನ ಮೇಲೆ ಕೋಳಿ ಹಾದರೂ ಕಲ್ಲು ಬೀರುತ್ತಿದ್ದ ಮನುಷ್ಯ, ಆವತ್ತು ಪೈರು ತುಳಿದುಕೊಂಡೇ ನಡುಗದ್ದೆಗೆ ಇಳಿದರು. ನೆಟ್ಟ ಸಾಲಿನ ಮೇಲೆಯೇ ಕೆಸರೆಳೆದು ಅಡ್ಡಬದು ಹಾಕತೊಡಗಿದರು. ಅವರು ಎಳೆದದ್ದನ್ನು ನಾನು ಕೈಯಲ್ಲಿ ಮೆತ್ತುತ್ತಾ ಹೋದೆ. ಒಂದು ಕಡೆ ಮೆತ್ತಿದರೆ ಇನ್ನೊಂದು ಕಡೆ ಜಾರುತ್ತಿತ್ತು. “ಜಲ್ದಿ, ಜಲ್ದಿ” ಎಂದು ಯಾರಿಗೆ ಹೇಳುತ್ತಿದ್ದರೋ. ಕೆಟ್ಟ ಮೂಲೆಯ ನೀರನ್ನು ಅಲ್ಲೇ ಕಟ್ಟಿ ನಿಲ್ಲಿಸಿ, ಕಾಲುವೆಯ ಬದುವನ್ನು ಆಚೆ ತುದಿಯಲ್ಲಿ ಕಡಿದು ಹೊಸ ಬಾಯಿ ಮಾಡಿದರು. ಒಳ್ಳೆಯ ನೀರು ಒಂದಿಷ್ಟು ಹಾಯುವಷ್ಟರಲ್ಲಿ ಕಾಲುವೆ ಸೊರಗಿತು.

ರಾತ್ರಿ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದರು ಮಾವ. ಯಜಮಾನರಿಗೆ ಇಬ್ಬರೂ ಏನೂ ಹೇಳಲಿಲ್ಲ.

ಬದುಕಿರುವ ಪಾಚಿ ಬಿಸಿಲೇರಿದ ಮೇಲೆ ಸಣ್ಣ ಸಣ್ಣ ಗುಳ್ಳೆ ಬಿಡುತ್ತದೆ, ಸತ್ತದ್ದು ಬಿಡುವುದಿಲ್ಲ. ಬೆಳಿಗ್ಗೆ ಹೋದಾಗ ಮಾವ ಆಗಲೇ ಬದುವಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ಬಿಸಿಲಿಗೆ ಮೋಡ ಅಡ್ಡ. ಮೂಲೆಯ ಕಡೆ ಕಂದುಬಣ್ಣದ ಪೊರೆ ತಳ ಸೇರಿತ್ತು. ಈ ಕಡೆ ಹಸಿರಿತ್ತು, ಆದರೆ ಅಲುಗಾಟವಿಲ್ಲ. ನಾನು ಸೆರಗು ಹಿಂಡುತ್ತಾ ನಿಂತೆ.

ಮೋಡ ಸರಿಯಿತು. ಬಹಳ ಹೊತ್ತು ಏನೂ ಇಲ್ಲ.

“ಬಾವ್ವಾ ಇಲ್ಲಿ” ಎಂದರು ಮಾವ, ದನಿ ತಗ್ಗಿಸಿ. “ಉಸಿರಾಡ್ತಾ ಅದೆ.”

ಬಗ್ಗಿ ನೋಡಿದೆ. ಹಸಿರಿನ ಅಡಿಯಿಂದ ಸಾಸಿವೆಯಷ್ಟು ಗುಳ್ಳೆ, ಪಕ್ಕದಲ್ಲೊಂದು, ಆಮೇಲೆ ಅಡ್ಡಬದುವಿನ ಉದ್ದಕ್ಕೂ.

ಆ ಮೂಲೆಯ ಪೈರು ಮುಂದೆ ಹಳದಿಯಾಯಿತು. ಯಜಮಾನರು ಅಲ್ಲಿಗೆ ಯೂರಿಯಾ ಹಾಕಿದರು. ಅಡ್ಡಬದುವಿನ ಈಚೆಗೆ ಹಾಕುವ ಪ್ರಮೇಯ ಬರಲಿಲ್ಲ. ಅದೆಲ್ಲ ಆಮೇಲಿನ ಮಾತು. ಗುಳ್ಳೆ ಕಂಡ ಆ ಬೆಳಿಗ್ಗೆ ಕೆಳಗದ್ದೆಯವನು ಎಂದಿನಂತೆ ನಗುತ್ತಾ ಬಂದು ಕಾಲು ತೊಳೆಯಲು ನಮ್ಮ ಗದ್ದೆಗೆ ಇಳಿಯಹೋದ.

“ಲೇ, ಇಳೀಬ್ಯಾಡ ಕಣ್ಲಾ!” ಎಂದು ಮಾವ ಎದ್ದುನಿಂತರು. “ಪಾಚಿ ಅದೆ.”