ಗುರುಗುರು ಎನ್ನುವ ಬೆಕ್ಕಿನ ಬಗ್ಗೆ ಒಂದು ತಕರಾರು

ನಮ್ಮ ಮನೆತನದಲ್ಲಿ ಎಲ್ಲರೂ ಹೇಳುವುದು ಹೀಗೆ: ಇಳಕಲ್ಲಿನ ದೊಡ್ಡವ್ವನ ಬೆಕ್ಕು ಸುಖವಾಗಿ ಸತ್ತಿತು. ಅವಳ ತೊಡೆಯ ಮೇಲೆ ಮಲಗಿ, ಗುರುಗುರು ಎನ್ನುತ್ತಲೇ ಕಣ್ಣು ಮುಚ್ಚಿತು. ಮದುವೆ ಮನೆಯಿರಲಿ, ಹುನಗುಂದದ ಬಸ್‌ಸ್ಟ್ಯಾಂಡಿರಲಿ, ನಮ್ಮವರು ನಾಲ್ಕು ಜನ ಕೂಡಿದರೆ ಈ ಮಾತು ಬಂದೇ ಬರುತ್ತದೆ. ಮನುಷ್ಯರಿಗೂ ಅಂಥ ಸಾವು ಬರಬೇಕು ಎಂದು ಯಾರಾದರೂ ಕೊನೆಗೆ ಸೇರಿಸುತ್ತಾರೆ. ನನ್ನದು ತಕರಾರಿದೆ. ಸತ್ತಿತು ಎಂಬುದಷ್ಟೇ ಇಲ್ಲಿ ಸಾಬೀತಾದ ಸಂಗತಿ. ಸುಖವಾಗಿ ಎಂಬುದಕ್ಕೆ ಸಾಕ್ಷಿ ಎಲ್ಲಿದೆ?

ಆ ದೊಡ್ಡವ್ವ ನನ್ನ ಅವ್ವನ ಅಕ್ಕ. ಹೈಸ್ಕೂಲಿನಿಂದ ನಾನು ಬೆಳೆದದ್ದು ಅವಳ ಮನೆಯಲ್ಲೇ. ಮುಂದೆ ಬಾಗಲಕೋಟೆಯ ಕಾಲೇಜು ಸೇರಿದೆ, ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಗೆದ್ದೆ. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಬಿ.ಎಸ್ಸಿ. ಮುಗಿಸಿ ಅದೇ ಊರಿನ ವಿದ್ಯಾಗಿರಿ ಬಡಾವಣೆಯಲ್ಲಿ ಕೋಣೆ ಹಿಡಿದು ಒಬ್ಬಳೇ ಇದ್ದಾಗ, ನಿವೃತ್ತ ಮಾಸ್ತರರೊಬ್ಬರು ಶಾಲೆಯ ಮಕ್ಕಳಿಗಾಗಿ ಚಿಕ್ಕದೊಂದು ವಿಶ್ವಕೋಶ ಹೊರತರುತ್ತಿದ್ದರು. ಪ್ರಾಣಿಗಳ ಬರಹ ತಿದ್ದಲು ನನ್ನನ್ನು ಕರೆದರು. ಹಗಲೆಲ್ಲ ಕರಡಚ್ಚಿನ ಹಾಳೆ ನೋಡಿ ಕೋಣೆಗೆ ಬಂದರೆ ಮಾತಿಗೆ ಯಾರೂ ಇರುತ್ತಿರಲಿಲ್ಲ. ಚರ್ಚೆಯಲ್ಲಿ ಗೆದ್ದವಳಿಗೆ ಜನ ಚಪ್ಪಾಳೆ ತಟ್ಟುತ್ತಾರೆ, ಆಮೇಲೆ ಅವಳ ಜೊತೆ ಉಣ್ಣಲು ಮಾತ್ರ ಕೂರುವುದಿಲ್ಲ. ರೊಟ್ಟಿ ಮುರಿಯುತ್ತ ನಾನು ಗೋಡೆಗೇ ಪ್ರಶ್ನೆ ಹಾಕುತ್ತಿದ್ದೆ. ಗೋಡೆಯ ಪರವಾಗಿ ನಾನೇ ಉತ್ತರಿಸಿ, ಅದನ್ನೂ ಸೋಲಿಸುತ್ತಿದ್ದೆ.

ಒಂದು ದಿನ ಬೆಕ್ಕಿನ ಬರಹ ಕೈಗೆ ಬಂತು. ಹಾಲೇ ಬೆಕ್ಕಿನ ಮುಖ್ಯ ಆಹಾರ ಎಂದಿತ್ತು. ಮಾಂಸ ಎಂದು ತಿದ್ದಿದೆ. ಗವ್ವೆನ್ನುವ ಕತ್ತಲೆಯಲ್ಲೂ ಅದಕ್ಕೆ ಕಾಣುತ್ತದೆ ಎಂದಿತ್ತು. ಒಂದಿಷ್ಟಾದರೂ ಬೆಳಕು ಬೇಕು ಎಂದು ಬರೆದೆ. ಇವಕ್ಕೆ ಮಾಸ್ತರರು ತಲೆಯಾಡಿಸಿದರು. ‘ಸಂತೋಷವಾದಾಗ ಮಾತ್ರ ಬೆಕ್ಕು ಗುರುಗುರು ಸದ್ದು ಮಾಡುತ್ತದೆ’ ಎಂಬ ಸಾಲನ್ನು ನಾನು ಹೊಡೆದುಹಾಕಿದ್ದು ಕಂಡಾಗ ಮಾತ್ರ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಇದರಾಗ ಏನ ತಪ್ಪೈತವಾ?”

“ಮಾತ್ರ ಅನ್ನೂದ ತಪ್ಪರಿ, ಸರ್. ಸಾಯೂ ಮುಂದೂ ಹಂಗ ಮಾಡತೈತಿ. ನಮ್ಮ ದೊಡ್ಡವ್ವ ಸಾಕಿದ್ದು ಆಕಿ ತೊಡಿ ಮ್ಯಾಲನ ಸತ್ತದ್ದು ನಾ ನೋಡೇನಿ.”

“ನೀ ನೋಡಿದ್ದು ಒಂದ ಬೆಕ್ಕು.”

“ಇದನ್ನ ಬರದವರು ಎಷ್ಟ ನೋಡ್ಯಾರ್ರಿ?”

ಅವರು ನಕ್ಕರು. “ನಿನ್ನ ಕೂಡ ಮಾತಿಗೆ ಕುಂತರ ಚಾ ಆರಿ ಹೋಗತೈತಿ. ಇರಲಿ. ಸಾಯೂ ಮುಂದ ಅದಕ್ಕ ತ್ರಾಸ ಇತ್ತಂತ ಹೆಂಗ ಹೇಳ್ತಿ? ಸಾಕಿದಾಕಿ ತೊಡಿ ಮ್ಯಾಲಿತ್ತಂತ ನೀನ ಅಂತಿ. ಖುಷಿಯಾಗೇ ಇರಬೇಕು.”

ಎದುರಾಳಿಯಾಗಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ.

“ಸಾಕಿದಾಕೀನ್ನ ಕೇಳಿಕೊಂಡ ಬಾ,” ಎಂದರು ಮಾಸ್ತರರು. “ಅದಕ್ಕ ತ್ರಾಸ ಇತ್ತು ಅಂತ ಆಕಿ ಅಂದ್ರ ಈ ಸಾಲು ತಗಸ್ತೇನಿ. ಇಲ್ಲಂದ್ರ ಹಿಂಗ ಅಚ್ಚಿಗೆ ಹೋಗತೈತಿ.”

ನಾನು ನೋಡಿದ್ದು ಇಷ್ಟು. ಕಾಲೇಜಿನ ಒಂದು ಬೇಸಿಗೆ ರಜೆಯಲ್ಲಿ ಇಳಕಲ್ಲಿನಲ್ಲಿದ್ದೆ. ದೊಡ್ಡವ್ವನದು ನೆಲದಲ್ಲಿ ಕುಣಿ ತೋಡಿ ಹೂಡಿದ ಮಗ್ಗ. ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯಬೇಕು. ಗಂಜಿ ಹಚ್ಚಿದ ನೂಲನ್ನು ಇಲಿ ಕಡಿಯುತ್ತವೆಂದು ನಮ್ಮ ಓಣಿಯಲ್ಲಿ ಮಗ್ಗವಿದ್ದ ಮನೆಗಳಲ್ಲೆಲ್ಲ ಬೆಕ್ಕು. ಬಿಸಿಲೇರಿದರೆ ಬೆಕ್ಕುಗಳು ತಂಪಿಗೆಂದು ಕುಣಿಗಿಳಿದು ಮಲಗುತ್ತವೆ. ಹಾಗಾಗಿ ಕಾಲು ಬಿಡುವ ಮೊದಲು ಮಗ್ಗದ ಕಟ್ಟಿಗೆಯನ್ನು ಕೈಯಿಂದ ಬಡಿಯುವುದು ಎಲ್ಲರ ರೂಢಿ. ಬೆಕ್ಕು ಮೈಮುರಿಯುತ್ತ ಎದ್ದುಬರುತ್ತದೆ. ಒಂದು ದಿನ ಎಷ್ಟು ಬಡಿದರೂ ನಮ್ಮದು ಏಳಲಿಲ್ಲ. ದೊಡ್ಡವ್ವ ಬಗ್ಗಿ ಎತ್ತಿಕೊಂಡಳು. ತೊಡೆಗೆ ಬಂದದ್ದೇ ತಡ, ಗುರುಗುರು ಶುರುವಾಯಿತು.

“ದನದ ದವಾಖಾನಿಗೆ ಒಯ್ಯೂಣೇನು?” ಎಂದೆ.

“ಹುಚ್ಚಿ, ಕೇಳಿಲ್ಲೆ. ಹಿಟ್ಟಿನ ಗಿರಣಿ ಹಚ್ಚಿದಂಗ ಐತಿ. ಜಡ್ಡಾದದ್ದು ಹಿಂಗ ಹಾಡತೈತೇನ? ಬಿಸಲಿಗೆ ಸೋಮಾರಿ ಆಗೇತಿ.”

ಅದು ಹಾಲು ಮುಟ್ಟಲಿಲ್ಲ, ಕುಣಿ ಬಿಟ್ಟು ಹೊರಗೆ ಬರಲಿಲ್ಲ. ದೊಡ್ಡವ್ವ ಅದಕ್ಕೆ ಜಾಗ ಬಿಟ್ಟು, ಕಾಲು ಓರೆ ಮಾಡಿಕೊಂಡೇ ನೇಯುತ್ತಿದ್ದಳು. ನಡುನಡುವೆ ಎತ್ತಿ ಹೊಟ್ಟೆ ಸವರಿದರೆ ಗುರುಗುರು ಏರುತ್ತಿತ್ತು. ಅದೇ ಹೊತ್ತಿಗೆ ಉಗುರು ಹೊರಬಂದು ಸೀರೆಗೆ ನಾಟುತ್ತಿದ್ದವು. ನೆರೆಮನೆಯವಳು ಅದಕ್ಕೆ ಅಂತಃಕರಣ ಎಂದಳು. ಒಂದು ಸಂಜೆ ಸದ್ದು ನಿಂತಿತು.

ಉಗುರು ಊರಿದ್ದು ಪ್ರೀತಿಗೋ, ನೋವಿಗೋ? ನಾನು ಬಾಗಿಲಲ್ಲಿ ನಿಂತು ನೋಡಿದವಳು. ಆ ಹೊಟ್ಟೆಯ ಮೇಲಿದ್ದದ್ದು ದೊಡ್ಡವ್ವನ ಅಂಗೈ.

ಇಳಕಲ್ಲಿನ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತು ಪ್ರಶ್ನೆಯನ್ನು ಹಲವು ರೀತಿ ಜೋಡಿಸಿ ನೋಡಿದೆ. ಚರ್ಚೆಯ ಕಟ್ಟೆಯ ಮೇಲೆ ಪ್ರಶ್ನೆ ಚೂಪಾದಷ್ಟೂ ಒಳ್ಳೆಯದು. ಇಲ್ಲಿ ಹಾಗಿರಲಿಲ್ಲ. ದೊಡ್ಡಪ್ಪ ತೀರಿಕೊಂಡದ್ದು ಬೇರೆ ಊರಿನ ದವಾಖಾನೆಯಲ್ಲಿ. ಮಗ್ಗದ ಮೇಲಿದ್ದ ಸೀರೆ ಇಳಿಸಿ ನಾಳೆ ಬರುತ್ತೇನೆಂದು ಹೇಳಿಕಳಿಸಿದ್ದಳು ದೊಡ್ಡವ್ವ. ಹೋಗುವಷ್ಟರಲ್ಲಿ ಮುಗಿದಿತ್ತು. ಮಕ್ಕಳಿಲ್ಲ. ನಾನು ಬಾಗಲಕೋಟೆಗೆ ಹೋದ ಮೇಲೆ ಆ ಮನೆಯಲ್ಲಿ ಅವಳ ಮಾತಿಗೆ ಕಿವಿಯಿದ್ದದ್ದು ಬೆಕ್ಕಿಗೆ ಮಾತ್ರ. ಕೊನೆಗಳಿಗೆಯಲ್ಲಿ ಅವಳು ಪಕ್ಕದಲ್ಲಿದ್ದ ಸಾವು ಅದೊಂದೇ. ನನ್ನ ತಿದ್ದುಪಡಿ ನಿಲ್ಲಬೇಕಾದರೆ, ಅದು ಸುಖದ ಸಾವು ಎಂಬುದನ್ನು ಅವಳು ಬಿಟ್ಟುಕೊಡಬೇಕಿತ್ತು.

ನಾನು ಹೋದಾಗ ಅವಳು ಕೊಂಡಿ ಹಾಕುತ್ತಿದ್ದಳು: ಸೀರೆಯ ಒಡಲಿನ ನೂಲಿಗೆ ಸೆರಗಿನ ಕೆಂಪು ರೇಷ್ಮೆಯನ್ನು ಎಳೆ ಎಳೆಯಾಗಿ ಕೂಡಿಸುವ ಕೆಲಸ. ಕಣ್ಣು ಎತ್ತುವಂತಿಲ್ಲ.

“ಏನವಾ, ಬಾಗಲಕೋಟಿ ವಕೀಲಸಾಬ್ರು ಬಂದ್ರು,” ಎಂದಳು. “ಸೊರಗೀದಿ. ಉಣ್ಣಾಕರ ಹಾಕತಾರೋ, ಬರೇ ಬಾಯಿ ಬಡಿಸ್ತಾರೋ?”

ವಿಶ್ವಕೋಶದ ಕೆಲಸ ಹೇಳಿದೆ. ಬೆಕ್ಕಿನ ಬರಹ ತಿದ್ದುತ್ತಿದ್ದೇನೆ ಎಂದೆ.

“ಬೆಕ್ಕಿನ ಬಗ್ಗೆ ಓದಾಕೂ ಬುಕ್ಕ ಬೇಕೇನ? ಒಂದ ಸಾಕಿ ನೋಡಂತ ಹೇಳು ಅವರಿಗೆ,” ಎಂದು ನಕ್ಕಳು. ಆಮೇಲೆ ಬೆರಳು ನಿಂತವು. “ನಂದೂ ಬರಿಯವಾ. ಹೆಂಗ ಸುಖದಾಗ ಹೋತು ಅಂತ ಬರಿ. ಹುಡುಗೂರು ಓದಲಿ. ನಿಮ್ಮ ದೊಡ್ಡಪ್ಪಗ ನಾ ಆಗಲಿಲ್ಲ, ಅದಕ್ಕರ ಆದೆ.”

‘ಹ್ಞೂಂ’ ಎಂದು ಬಿಟ್ಟಿದ್ದರೆ ಆಗುತ್ತಿತ್ತು. ಹಾಗೆಂದರೆ ಆ ಸಾಲು ಅಚ್ಚಾಗುತ್ತದೆ. ಓದಿದ ಮಕ್ಕಳು ಜಡ್ಡಾದ ಬೆಕ್ಕನ್ನು ತೊಡೆಯ ಮೇಲೆ ಹಾಕಿಕೊಂಡು, ಖುಷಿಯಾಗಿದೆ ಎಂದು ಕೂರುತ್ತಾರೆ. ಇದು ವಾದ, ಗಟ್ಟಿ ವಾದವೇ. ಆದರೆ ನಾನು ಕೇಳಿದ್ದು ಬರೀ ಆ ಮಕ್ಕಳಿಗಾಗಿ ಎಂದರೆ ಸುಳ್ಳಾಗುತ್ತದೆ. ಆ ಬೇಸಿಗೆಯನ್ನು ಮೊದಲಿನಿಂದ ಕೊನೆಯವರೆಗೆ ಕಂಡ ಇನ್ನೊಬ್ಬರು ಈ ಲೋಕದಲ್ಲಿ ಇದ್ದದ್ದು ಅವಳೊಬ್ಬಳೇ. ನಾನು ಕಂಡದ್ದನ್ನು ಅವಳೂ ಕಂಡಿದ್ದಳೋ ಇಲ್ಲವೋ ತಿಳಿಯದೆ ನನ್ನ ಕೋಣೆಗೆ ಮರಳುವುದು ನನ್ನಿಂದ ಆಗುತ್ತಿರಲಿಲ್ಲ.

ಅವಳ ಬೆರಳುಗಳು ಮತ್ತೆ ನೂಲಿಗೆ ಹೋದವು. ಪಕ್ಕದಲ್ಲಿ ಕೂತೆ. ಜೋಡಿಸಿ ತಂದಿದ್ದ ಒಂದು ಪ್ರಶ್ನೆಯೂ ನೆನಪಿಗೆ ಬರಲಿಲ್ಲ. ಬಾಯಿಗೆ ಬಂದದ್ದನ್ನೇ ಕೇಳಿದೆ:

“ದೊಡ್ಡವ್ವಾ, ನೀ ಹೊಟ್ಟಿ ಮ್ಯಾಲ ಕೈ ಆಡಸೂ ಮುಂದ ಅದು ಉಗುರ ಊರತಿತ್ತಲ್ಲ, ಆವಾಗ ಅದಕ್ಕ ತ್ರಾಸ ಆಗಾಕತ್ತೈತಿ ಅಂತ ನಿನಗ ಗೊತ್ತಿತ್ತೇನ?”