ಕುಂಕುಮ ಹಚ್ಚಿದ ಪಿಸ್ತೂಲು

ಹೆತ್ತೂರಿನ ವಿಶಾಲಮ್ಮ ಮೂವತ್ತು ವರ್ಷ ಗಂಡನ ಪಿಸ್ತೂಲಿನ ಸದ್ದು ಕೇಳಿದ್ದರು; ತಾವು ಮಾತ್ರ ಒಮ್ಮೆಯೂ ಗುಂಡು ಹಾರಿಸಿರಲಿಲ್ಲ. ದೇವೀರಪ್ಪನವರು ಗುರಿ ಅಭ್ಯಾಸಕ್ಕೆ ಹಾಸನಕ್ಕೆ ಹೊರಟರೆ ಕಾಫಿಯ ಫ್ಲಾಸ್ಕು ಹಿಡಿದು ಜೊತೆಗೆ ಹೋಗುವರು. ಮನೆಗೆ ಬಂದು ಅವರು ಪಿಸ್ತೂಲು ಬಿಚ್ಚಿ ಒರೆಸುವಾಗ ಎದುರಿಗೆ ಕೂತು ಒಂದೊಂದೇ ಭಾಗ ಎತ್ತಿಕೊಡುವರು. ಮಾವನವರ ಕಾಲದ ಪಿಸ್ತೂಲು ಅದು. ಒಂದು ಗುಂಡು ಹಾರಿದರೆ ಮೇಲಿನ ಸ್ಲೈಡ್ ತಾನೇ ಹಿಂದೆ ಸರಿದು, ಖಾಲಿ ತೋಟಾ ಹೊರಕ್ಕೆ ಚಿಮ್ಮಿ, ಮುಂದಿನದು ಒಳಗೆ ಬಂದು ಕೂರುತ್ತಿತ್ತು.

ಎಪ್ಪತ್ತೆರಡನೇ ವಯಸ್ಸಿಗೆ ದೇವೀರಪ್ಪನವರ ಕಣ್ಣು ಮಂಜಾಯಿತು. ಲೈಸೆನ್ಸ್ ಹೆಂಡತಿಯ ಹೆಸರಿಗಾಗದಿದ್ದರೆ ಪಿಸ್ತೂಲು ಮನೆ ಬಿಟ್ಟು ಠಾಣೆ ಸೇರಬೇಕು. ಹೆಸರಿಗಾಗಲು ವಿಶಾಲಮ್ಮ ತರಬೇತಿ ಪಡೆದು ಅದರ ಕೊನೆಯ ಪರೀಕ್ಷೆ ಗೆಲ್ಲಬೇಕು.

"ಹೊಡಿಯೋದು ನೀನು, ಒರೆಸೋದು ನಾನು," ಎಂದಿದ್ದರು ದೇವೀರಪ್ಪನವರು. "ಒರೆಸಕ್ಕೆ ಕಣ್ಣು ಯಾಕೆ ಬೇಕು?"

ಪರೀಕ್ಷೆಗೆ ನಾಲ್ಕು ದಿನ ಮುಂಚೆ ಆಯುಧಪೂಜೆ. ಪ್ರತಿವರ್ಷ ದೇವೀರಪ್ಪನವರು ಪಿಸ್ತೂಲಿನ ಪೆಟ್ಟಿಗೆಗೆ ಒಂದೆಳೆ ವಿಭೂತಿ ಹಚ್ಚಿ ಸುಮ್ಮನಾಗುತ್ತಿದ್ದರು. ಈ ಸಲ ಪೂಜೆ ವಿಶಾಲಮ್ಮನವರದು. ಕಾಫಿ ಹಣ್ಣು ಸುಲಿಯುವ ಪಲ್ಪರ್ ಯಂತ್ರ, ತೋಟದ ನೆರಳು ಮರ ಸವರುವ ಕತ್ತಿಗಳ ಸಾಲಿನಲ್ಲೇ ಪಿಸ್ತೂಲನ್ನೂ ಇಟ್ಟು, ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಧಾರಾಳವಾಗಿ ಹಚ್ಚಿದರು.

"ಒರೆಸ್ತೀನಿ ಕೊಡೇ."

"ದೇವರ ಕುಂಕುಮ ಒರೆಸಾದಾ? ನನ್ನ ಕಾಯೋದೇ ಅದು. ಸುಮ್ನಿರಿ."

ಪರೀಕ್ಷೆಯ ದಿನ ಹಾಸನದಲ್ಲಿ ತರಬೇತಿ ಕೊಡುವ ರಾಮಯ್ಯ ಐದು ಗುಂಡು ಎಣಿಸಿ ಕೊಟ್ಟರು. ಮೂರು ಗುರಿಯ ವೃತ್ತದೊಳಗೆ ಬಿದ್ದರೆ ಪಾಸು. ಮೊದಲನೆಯದು ಬಿತ್ತು. ಎರಡನೆಯದು ಹಾರಲೇ ಇಲ್ಲ. ಖಾಲಿ ತೋಟಾ ಸಿಕ್ಕಿಕೊಂಡು ಸ್ಲೈಡ್ ಅರ್ಧದಲ್ಲೇ ನಿಂತಿತ್ತು.

ಹಿಂದಿನ ಬೆಂಚಿನಿಂದ ದೇವೀರಪ್ಪನವರು ಎದ್ದುಬಿಟ್ಟರು. "ಸ್ಲೈಡ್ ಕೂತ ಸದ್ದು ಬರ್ಲಿಲ್ಲ ಕಣೇ!"

"ಯಜಮಾನ್ರೇ, ಪರೀಕ್ಷೆ ಅಮ್ಮಾವ್ರಿಗೆ. ನೀವು ಬಾಯ್ ಬಿಟ್ರೆ ಇಬ್ರೂ ಫೇಲು," ಎಂದರು ರಾಮಯ್ಯ.

ವಿಶಾಲಮ್ಮ ಮನಸ್ಸಿನಲ್ಲೇ ಶಿವನನ್ನು ನೆನೆದರು. ಪಿಸ್ತೂಲಿನ ಮೂತಿಯನ್ನು ಗುರಿಯ ಕಡೆಗೇ ಹಿಡಿದು ಗುಂಡುಗಳಿದ್ದ ಮ್ಯಾಗಜಿನ್ ಹೊರತೆಗೆದರು, ಸ್ಲೈಡ್ ಬಲವಾಗಿ ಎಳೆದರು, ತೋಟಾ ಬಿತ್ತು. ಒಳಗೆ ಏನೂ ಉಳಿದಿಲ್ಲವೆಂದು ಎರಡು ಸಲ ನೋಡಿದರು.

"ಸಾರ್, ಬಿಚ್ಚಿ ಒರೆಸ್ಲಾ?"

ರಾಮಯ್ಯ ಬಗ್ಗಿ ನೋಡಿದರು. "ಇದೇನಮ್ಮಾವ್ರೇ, ಒಳಗೆ ಗುಡಿನೇ ಕಟ್‌ಬುಟ್ಟಿದೀರ! ಒರೆಸಿ, ಒರೆಸಿ."

ದೇವಸ್ಥಾನಕ್ಕೆಂದು ತಂದಿದ್ದ ಹೂಬತ್ತಿಗಳು ಚೀಲದಲ್ಲಿದ್ದವು. ಯಾವುದರ ನಂತರ ಯಾವುದನ್ನು ಬಿಚ್ಚಬೇಕೆಂದು ಮೂವತ್ತು ವರ್ಷ ಎತ್ತಿಕೊಟ್ಟ ಕೈಗಳಿಗೆ ಗೊತ್ತಿತ್ತು. ಬತ್ತಿಗಳೆಲ್ಲ ಕೆಂಪಾದವು. ಮತ್ತೆ ಜೋಡಿಸಿ ನಿಂತರು. ಒಂದು ಗುಂಡು ವೃತ್ತದ ಹೊರಗೆ ಹೋಯಿತು, ಎರಡು ಒಳಗೆ, ಕೊನೆಯದು ಎಲ್ಲಿಗೋ.

"ಎಷ್ಟಾಯ್ತೇ?" ಎಂದು ಕೂಗಿದರು ದೇವೀರಪ್ಪನವರು.

"ಮೂರು ಕಣ್ರೀ!"

ರಾಮಯ್ಯ ಸಹಿ ಹಾಕುತ್ತಾ ಹೇಳಿದರು: "ಗುರಿ ಇನ್ನೂ ಕಲೀಬೋದು. ಸಿಕ್ಕಾಕ್ಕೊಂಡಾಗ ಗಾಬರಿಬಿದ್ದು ಮೂತಿನ ನನ್ ಕಡೆ ತಿರುಗಿಸ್ಲಿಲ್ವಲ್ಲ, ಅದು ದೊಡ್ಡದು."

ಸಂಜೆ ಜಗಲಿಯಲ್ಲಿ ವಿಶಾಲಮ್ಮ ಬಿಚ್ಚಿ ಕೊಟ್ಟರು, ದೇವೀರಪ್ಪನವರು ತಡವಿ ತಡವಿ ಒರೆಸಿದರು. ಸಂದಿಯಲ್ಲಿ ಇನ್ನೂ ಒಂದಿಷ್ಟು ಕುಂಕುಮ ಉಳಿದಿತ್ತು. ಬೆರಳಿಗೆ ಅಂಟಿದ್ದನ್ನು ಅವರು ಹೆಂಡತಿಯ ಹಣೆಗಿಡಲು ಹೋದರು. ಹುಬ್ಬಿನ ಮೇಲೆ ಬಿತ್ತು.

"ಗುರಿ ತಪ್ತು," ಎಂದು ವಿಶಾಲಮ್ಮ ನಕ್ಕರು. ಅದನ್ನು ಒರೆಸಿಕೊಳ್ಳಲಿಲ್ಲ.